ಚಿರತೆಯ ವಿಷಯ ಮುಂದೂಡಲಾಗಿದೆ

ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಲೆಟರ್‌ಹೆಡ್ಡನ್ನು ನೀವೊಮ್ಮೆ ನೋಡಬೇಕು. ನೆತ್ತಿಯ ಮೇಲೆ ಗಣಪತಿ. ಅವನ ಎಡಕ್ಕೆ ನೋಂದಣಿ ಸಂಖ್ಯೆ, ಬಲಕ್ಕೆ ಮೊಬೈಲ್ ನಂಬರು. ಅಲ್ಲಿಂದ ಕೆಳಗೆ ಎಡಗಡೆಯ ಪಟ್ಟಿಯಲ್ಲಿ ಗೌರವಾಧ್ಯಕ್ಷರು, ಅಧ್ಯಕ್ಷರು, ಇಬ್ಬರು ಉಪಾಧ್ಯಕ್ಷರು, ಪ್ರಧಾನ ಕಾರ್ಯದರ್ಶಿ, ಸಹ ಕಾರ್ಯದರ್ಶಿ, ಸಂಘಟನಾ ಕಾರ್ಯದರ್ಶಿ, ಖಜಾಂಚಿ, ಕಾನೂನು ಸಲಹೆಗಾರರು, ಆಮೇಲೆ ನಿರ್ದೇಶಕರ ಸಾಲು, ಕಾಗದದ ಬುಡ ಮುಟ್ಟುವವರೆಗೆ. ಇಷ್ಟೆಲ್ಲ ಆದ ಮೇಲೆ ಮನವಿ ಬರೆಯುವುದಕ್ಕೆ ಬಲಗಡೆ ಉಳಿಯುವುದು ಬಸ್ ಟಿಕೆಟ್ಟಿನಷ್ಟು ಅಗಲದ ಜಾಗ. ಬೀದಿದೀಪದ ಬಗ್ಗೆ ನಾಲ್ಕು ಮಾತು ಬರೆಯುವಷ್ಟರಲ್ಲಿ ಎರಡನೇ ಹಾಳೆ ತೆಗೆಯಬೇಕು. ಎರಡನೇ ಹಾಳೆಯಲ್ಲೂ ಅದೇ ಪಟ್ಟಿ. ಸಂಘದಲ್ಲಿ ನನ್ನದು ಸಂಘಟನಾ ಕಾರ್ಯದರ್ಶಿ ಹುದ್ದೆ. ಅದರ ಕೆಲಸ ಏನೆಂದು ಬೈಲಾದಲ್ಲಿ ಎಲ್ಲೂ ಹೇಳಿಲ್ಲ, ಅದಕ್ಕೇ ಒಪ್ಪಿಕೊಂಡೆ.

ಸಂಘ ಕಟ್ಟುವುದಕ್ಕೆ ಕಾನೂನು ಹೆಚ್ಚು ಜನರನ್ನು ಕೇಳುವುದಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಮಂದಿ ಇದ್ದರೆ ಸಾಕು. ನಮ್ಮಲ್ಲಿ ಆಗ ಮನೆ ಕಟ್ಟಿ ಒಕ್ಕಲು ಬಂದಿದ್ದವರೇ ಐದು ಕುಟುಂಬ. ಕಡಿಮೆ ಬಿದ್ದ ಎರಡು ಸಹಿಗೆ ಇಬ್ಬರು ಯಜಮಾನರು ತಂತಮ್ಮ ಹೆಂಡತಿಯರನ್ನು ಕರೆದು, ‘ಇಲ್ಲೊಂದು ಸೈನು ಹಾಕು, ಸುಮ್ಮನೆ’ ಎಂದರು. ಈಗ ಸಂಘದಲ್ಲಿ ಸದಸ್ಯರಿಗೇನೂ ಬರವಿಲ್ಲ. ಆದರೆ ಪ್ರತಿ ಮಹಾಸಭೆಯಲ್ಲೂ ಎದ್ದು ನಿಂತು ಲೆಕ್ಕ ಕೇಳುವವರು ಆ ಇಬ್ಬರು ಹೆಂಗಸರು ಮಾತ್ರ.

ಬಡಾವಣೆ ಇರುವುದು ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ, ಮಿಡಿಗೇಶಿ ಕಡೆಗೆ. ಹೆಸರು ಹೇಳಲಾರೆ. ಹೇಳಿದರೆ ಮುಂದಿನ ಸಭೆಯಲ್ಲಿ ‘ಇತರೆ ವಿಷಯಗಳು’ ಎಂಬ ಬಾಬಿನಲ್ಲಿ ನಾನೇ ಚರ್ಚೆಗೆ ಬರುತ್ತೇನೆ. ಮೊದಲು ಇದು ಕಡಲೆಕಾಯಿ ಹೊಲ. ಅಲಿನೇಷನ್ ಆಯಿತು, ಕಲ್ಲು ನೆಟ್ಟರು, ಕಲ್ಲಿಗೆ ಹಳದಿ ಬಣ್ಣ ಬಳಿದರು, ಬ್ರೋಷರು ಅಚ್ಚಾಯಿತು. ಆ ಬ್ರೋಷರಿನ ಒಂದು ಪ್ರತಿ ನನ್ನ ಹತ್ತಿರ ಇನ್ನೂ ಇದೆ. ಅದರಲ್ಲಿ ಮಿಡಿಗೇಶಿಯ ಕೋಟೆ, ಮಧುಗಿರಿಯ ಏಕಶಿಲಾ ಬೆಟ್ಟ, ಪಾವಗಡದ ಶನಿಮಹಾತ್ಮ, ವಸಂತನರಸಾಪುರದ ಕೈಗಾರಿಕೆಗಳು ಎಲ್ಲವೂ ‘ಅತಿ ಸಮೀಪ’. ರೈಲ್ವೆ ಸ್ಟೇಷನ್ ಅಂತೂ ‘ಐದೇ ನಿಮಿಷ’. ತುಮಕೂರು–ರಾಯದುರ್ಗ ರೈಲು ಮಾರ್ಗ ಮಂಜೂರಾದದ್ದು 2007–08ರಲ್ಲಿ. ಕೆಲಸ ಅಲ್ಲಿಂದ ತನ್ನ ಪಾಡಿಗೆ ತಾನು ನಡೆಯುತ್ತ ಬಂದಿದೆ. ಆ ಐದು ನಿಮಿಷವನ್ನು ಎಲ್ಲಿಂದ ಎಣಿಸಬೇಕು ಎಂಬುದನ್ನು ಮಾತ್ರ ಬ್ರೋಷರಿನವನು ಹೇಳಲಿಲ್ಲ.

ಸೈಟು ಕೊಂಡವನು ಮನೆ ಕಟ್ಟದಿದ್ದರೂ ಮೊದಲು ಕಾಂಪೌಂಡು ಕಟ್ಟುತ್ತಾನೆ. ಒಳಗೆ ಒಂದು ಗರಿಕೆಯೂ ಇರುವುದಿಲ್ಲ, ಕಾಯುವುದಕ್ಕೆ ನಾಲ್ಕು ಗೋಡೆ. ನಾನು ಇದನ್ನು ಹೊಸ ಕಾಲದ ಚಾಳಿ ಎಂದುಕೊಂಡಿದ್ದೆ. ಆದರೆ ತಾರಸಿಯ ಮೇಲೆ ನಿಂತು ಸುತ್ತ ನೋಡಿದರೆ ಈ ಸೀಮೆಯವರಿಗೆ ಕಾಂಪೌಂಡಿನ ಹುಚ್ಚು ಇವತ್ತಿನದಲ್ಲ. ಮಿಡಿಗೇಶಿ, ಮಧುಗಿರಿ, ಪಾವಗಡ, ಕೊರಟಗೆರೆ ಕಡೆಯ ಚನ್ನರಾಯನದುರ್ಗ: ಬೋಳುಬಂಡೆ ಕಂಡಲ್ಲೆಲ್ಲ ಪಾಳೆಯಗಾರರು ಗೋಡೆ ಎಬ್ಬಿಸಿದ್ದಾರೆ. ಹತ್ತಲಿಕ್ಕೇ ಉಸಿರು ಸಾಲದ ಕಡೆ ಕಲ್ಲು ಹೊತ್ತು ಹೋಗಿ ಬುರುಜು ಕಟ್ಟಿದ್ದಾರೆ. ಇಷ್ಟು ಮಾಡಿಯೂ 1678ರಲ್ಲಿ ಚಿಕ್ಕದೇವರಾಜ ಒಡೆಯರ ಸೈನ್ಯ ಮಧುಗಿರಿಯನ್ನು ಹಿಡಿಯಿತು. ಗೋಡೆಯ ಮೇಲೆ ಗಾಜಿನ ಚೂರು ನೆಡುವ ಉಪಾಯ ಆಗ ಇನ್ನೂ ಬಂದಿರಲಿಲ್ಲವೋ ಏನೋ.

ನಮ್ಮ ಸದಸ್ಯರಲ್ಲಿ ಮೂರು ಪಾಲು ಮನೆ ಕಟ್ಟದವರು. ಪೀಣ್ಯ, ಲಗ್ಗೆರೆ, ನಾಗಸಂದ್ರದ ಕಡೆ ಕೆಲಸದಲ್ಲಿದ್ದಾರೆ. ಊರ ಕಡೆ ಒಂದು ಸೈಟಿರಲಿ ಎಂದು ಕೊಂಡವರು, ಯುಗಾದಿಗೋ ಪಕ್ಷಕ್ಕೋ ಊರಿಗೆ ಬಂದಾಗ ಕಾರು ನಿಲ್ಲಿಸಿ ತಮ್ಮ ಕಲ್ಲು ನಿಂತಲ್ಲೇ ಇದೆಯೇ ಎಂದು ನೋಡಿಕೊಂಡು ಹೋಗುತ್ತಾರೆ. ಹೀಗಾಗಿ ನಮ್ಮಲ್ಲಿ ಯಾರಿಗೂ ಯಾರ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಸೈಟು ನಂಬರೇ ಹೆಸರು. ‘ನಲವತ್ತೆರಡು ಬಂದಿದ್ದರು, ಹದಿನೇಳರ ಮಗಳ ಮದುವೆಯಂತೆ’ ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಹಳ್ಳಿಯಲ್ಲಾಗಿದ್ದರೆ ಒಬ್ಬ ಮನುಷ್ಯ ಎದುರಾದರೆ ಅವನ ಮನೆತನ, ಅವರಪ್ಪನ ಅಡ್ಡಹೆಸರು, ಅವರ ಎತ್ತಿನ ಗುಣ ಎಲ್ಲವೂ ಜತೆಗೇ ಬರುತ್ತಿದ್ದವು. ಅದರ ಕಾಟ ತಾಳಲಾರದೆ ಹೊರಗೆ ಬಂದವರೇ ನಾವೆಲ್ಲ.

ಸಭೆ ನಡೆಯುವುದು ಭಾನುವಾರ ಹತ್ತೂವರೆಗೆ, ಅಂದರೆ ಹನ್ನೊಂದೂಮುಕ್ಕಾಲಿಗೆ. ಕೋರಂ ಆಗುವುದು ಉಪ್ಪಿಟ್ಟು, ಕೇಸರಿಬಾತಿನ ವಾಸನೆ ಮೂರನೇ ಅಡ್ಡರಸ್ತೆ ತಲುಪಿದ ಮೇಲೆ. ಪ್ರಧಾನ ಕಾರ್ಯದರ್ಶಿಗಳು ನಿವೃತ್ತ ಹೆಡ್‌ಮಾಸ್ತರರು. ನಡಾವಳಿ ಪುಸ್ತಕವನ್ನು ಅವರು ಬರೆಯುವ ಕ್ರಮವೇ ಬೇರೆ. ಸ್ಕೇಲು ಇಟ್ಟು ಕೆಂಪು ಶಾಯಿಯಲ್ಲಿ ಅಂಚುಗೆರೆ ಎಳೆದು, ಅದರಾಚೆಗೆ ವಿಷಯ ಸಂಖ್ಯೆ ಹಾಕಿ, ಒಳಗೆ ದುಂಡಗಿನ ಅಕ್ಷರಗಳಲ್ಲಿ ‘ದೀರ್ಘವಾಗಿ ಚರ್ಚಿಸಲಾಗಿ’ ಎಂದು ಶುರು ಮಾಡುತ್ತಾರೆ. ಒಮ್ಮೆ ಇಬ್ಬರು ಒಬ್ಬರ ಅಂಗಿ ಒಬ್ಬರು ಹಿಡಿಯುವುದೊಂದು ಬಾಕಿ ಇತ್ತು. ಅದೂ ‘ದೀರ್ಘವಾಗಿ ಚರ್ಚಿಸಲಾಗಿ’ ಎಂದೇ ದಾಖಲಾಯಿತು. ಮಾತು ಬಿಸಿಯಾದಂತೆ ನಮ್ಮ ಸಭೆ ತೆಲುಗಿಗೆ ತಿರುಗುತ್ತದೆ. ಪಾವಗಡದ ಸುತ್ತ ಬಹುಪಾಲು ಆಂಧ್ರವೇ, ಮಿಡಿಗೇಶಿಯೂ ಗಡಿಗೆ ದೂರವಿಲ್ಲ; ಇಲ್ಲಿ ವ್ಯವಹಾರಕ್ಕೆ ಒಂದು ಭಾಷೆಯಾದರೆ ಕೋಪಕ್ಕೆ ಇನ್ನೊಂದು ಸಿದ್ಧವಾಗಿರುತ್ತದೆ. ಹೆಡ್‌ಮಾಸ್ತರರು ಮಾತ್ರ ಎಲ್ಲವನ್ನೂ ಕಛೇರಿ ಕನ್ನಡಕ್ಕೆ ಇಳಿಸಿ ತಣ್ಣಗೆ ಮಾಡುತ್ತಾರೆ.

ಅದೇ ಪುಸ್ತಕದಲ್ಲಿ ಚಿರತೆಯೂ ಇದೆ. ನಮ್ಮ ಕಡೆಯ ಬಂಡೆಗುಡ್ಡಗಳಲ್ಲಿ ಚಿರತೆ, ಕರಡಿ ಇರುವುದು ಸುಳ್ಳಲ್ಲ. ಕರಡಿಗಳು ರಾತ್ರಿ ಊರೊಳಗೆ ಬಂದು ಹೋದ ಸುದ್ದಿ ವರ್ಷಕ್ಕೊಮ್ಮೆಯಾದರೂ ಪೇಪರಿನಲ್ಲಿ ಬರುತ್ತದೆ. ನಮ್ಮಲ್ಲಿ ಬಂದದ್ದು ಇಪ್ಪತ್ತಾರನೇ ಸೈಟಿನವರ ಸಿಸಿಟಿವಿಯಲ್ಲಿ. ಬೂದುಬಣ್ಣದ ಚಿತ್ರದಲ್ಲಿ ಬಾಲವುಳ್ಳ ಏನೋ ಒಂದು ಗೇಟಿನ ಮುಂದೆ ಹಾದುಹೋಯಿತು. ಸಭೆ ಸೇರಿತು. ಚಿರತೆ ಎಂದವರು ಆರು ಜನ, ನಾಯಿ ಎಂದವರು ಒಂಬತ್ತು, ‘ಅದು ನಮ್ಮನೆ ಬೆಕ್ಕು, ಕ್ಯಾಮೆರಾ ಹತ್ತಿರ ಬಂದಾಗ ದೊಡ್ಡದಾಗಿ ಕಾಣುತ್ತೆ’ ಎಂದವರು ಒಬ್ಬರು. ಅಷ್ಟರಲ್ಲಿ ಉಪ್ಪಿಟ್ಟು ಬಂತು. ನಡಾವಳಿಯಲ್ಲಿ ಹೀಗಿದೆ: ‘ವಿಷಯ 4: ಚಿರತೆ. ದೀರ್ಘವಾಗಿ ಚರ್ಚಿಸಲಾಗಿ, ಸಮಯಾಭಾವದಿಂದ ಮುಂದಿನ ಸಭೆಗೆ ಮುಂದೂಡಲಾಯಿತು.’ ಚಿರತೆಗೆ ಈ ನಿರ್ಣಯದ ಪ್ರತಿ ಕಳಿಸಿದಂತಿಲ್ಲ. ಆದರೂ ಅದು ಮತ್ತೆ ಬಂದಿಲ್ಲ.

ಬೀದಿದೀಪದ್ದು ಮಾತ್ರ ಮುಂದೂಡಿದರೂ ಮುಗಿಯದ ವಿಷಯ. ಬಡಾವಣೆಯ ಅರ್ಧ ಒಂದು ಪಂಚಾಯ್ತಿಗೆ ಸೇರಿದೆ, ಇನ್ನರ್ಧ ಇನ್ನೊಂದಕ್ಕೆ. ಗಡಿ ಹಾದುಹೋಗುವುದು ಎರಡನೇ ಅಡ್ಡರಸ್ತೆಯ ಲೈಟುಕಂಬದ ಬುಡದಲ್ಲೇ. ದೀಪ ಇವರದೋ ಅವರದೋ ಎಂಬುದು ಇತ್ಯರ್ಥವಾಗುವವರೆಗೆ ಬೆಳದಿಂಗಳೇ ಗತಿ. ಬೀದಿದೀಪದ ಉಸ್ತುವಾರಿ ವಹಿಸಿರುವ ನಿರ್ದೇಶಕರು ತಿರುಮಣಿ ಕಡೆಯವರು. ಅಲ್ಲಿನ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟು, ಎಕರೆಗೆ ವರ್ಷಕ್ಕೆ ₹21,000ದಂತೆ ಶುರುವಾದ ಹಣ ಕೂಡಿಟ್ಟು ಇಲ್ಲಿ ಸೈಟು ಕೊಂಡವರು. ಪಾವಗಡದ ಆ ಹದಿಮೂರು ಸಾವಿರ ಎಕರೆಯಲ್ಲಿ ಹುಟ್ಟುವ ಕರೆಂಟು 2,050 ಮೆಗಾವಾಟ್. ‘ನಮ್ಮ ಹೊಲದ ಬಿಸಿಲು ಯಾವ್ಯಾವುದೋ ಊರಲ್ಲಿ ಲೈಟಾಗಿ ಉರೀತೈತೆ ಸಾರ್. ನಮ್ಮ ಬೀದೀಲಿ ನಾನು ಟಾರ್ಚು ಹಿಡ್ಕಂಡು ಓಡಾಡ್ತೀನಿ’ ಎನ್ನುತ್ತಾರೆ. ಹೇಳುವುದರಲ್ಲಿ ದುಃಖವಿಲ್ಲ, ಸ್ವಲ್ಪ ಹೆಮ್ಮೆಯೇ ಇದೆ.

ನೀರಿನದು ಬೇರೆ ಕಥೆ. ಬೋರಿನ ನೀರಲ್ಲಿ ಫ್ಲೋರೈಡು. ಪಾವಗಡ, ಮಧುಗಿರಿ ಕಡೆ ಹಲ್ಲಿನ ಮೇಲೆ ಕಂದು ಗೆರೆ ಇಲ್ಲದ ಹಳಬರು ಅಪರೂಪ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಸರ್ಕಾರಿ ಮಾನದಂಡ. ಹಾಗಾಗಿ ಪಾತ್ರೆ ತೊಳೆಯಲು ಬೋರಿನದು, ಕುಡಿಯಲು ಕಾಯಿನ್ ಹಾಕಿ ಕ್ಯಾನಿನಲ್ಲಿ ಹಿಡಿದು ತಂದದ್ದು. ಬೋರಿನ ನೀರು ಬಿಡುವವನಿಗೆ ಸಂಬಳ ಕೊಡುವುದು ಸಂಘ. ಆ ಸಂಬಳಕ್ಕಾಗಿ ತಿಂಗಳು ತಿಂಗಳು ವಂತಿಗೆ ಎತ್ತುವುದು ಖಜಾಂಚಿಯ ಕರ್ಮ. ಹಿಂದೆ ಕೆರೆಯ ತೂಬು ನೋಡುವ ನೀರಗಂಟಿಗೆ ಕಣದಲ್ಲೇ ಪಾಲು ಸಲ್ಲುತ್ತಿತ್ತು, ತೋಟಿ ತಳವಾರರಿಗೂ ಅಷ್ಟೆ. ರಾಶಿ ಮನೆ ಸೇರುವ ಮೊದಲೇ ಅಳೆದು ಕೊಟ್ಟಾಗಿರುತ್ತಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಲ್ಲಿ ಶಾನುಭೋಗಿಕೆ, ಪಟೇಲಿಕೆಗಳೆಲ್ಲ ಹೋದವು. ಹೋದದ್ದು ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಆ ಕಾಳಿನ ಜತೆ ಎಷ್ಟು ಜನರ ತಲೆತಗ್ಗಿಸುವಿಕೆಯೂ ಅಳೆಯಲ್ಪಡುತ್ತಿತ್ತು ಎಂಬುದನ್ನು ಮರೆಯಬಾರದು. ಆದರೆ ರಾಶಿ ಮನೆಗೆ ಹೋಗುವ ಮುಂಚೆಯೇ ವಸೂಲಿ ಮುಗಿಯುತ್ತಿತ್ತು ಎಂಬ ಒಂದು ಮಾತನ್ನು ನಾನು ಹೇಳಿದಾಗ, ನಮ್ಮ ಖಜಾಂಚಿ ಬಹಳ ಹೊತ್ತು ಮಾತಾಡಲಿಲ್ಲ.

ಇಂಥ ಸಂಘಗಳ ಕಾಟ ನಮ್ಮಲ್ಲೇ ಹೆಚ್ಚು ಎಂದು ಯಾರೂ ಕೊರಗಬೇಕಾಗಿಲ್ಲ. ಟೆಕ್ಸಾಸಿನಲ್ಲಿರುವ ಅಣ್ಣನ ಮಗಳು ವಿಡಿಯೊ ಕಾಲಿನಲ್ಲಿ ಒಂದು ಪತ್ರ ತೋರಿಸಿದಳು. ಅವರ ಬಡಾವಣೆಯ ಸಂಘ ಕಳಿಸಿದ್ದು. ಮನೆ ಮುಂದಿನ ಹುಲ್ಲು ನಿಗದಿತ ಎತ್ತರ ಮೀರಿದೆ, ಇಂತಿಷ್ಟು ದಿನದೊಳಗೆ ಕತ್ತರಿಸದಿದ್ದರೆ ದಂಡ, ಜತೆಗೆ ಫೋಟೊ. ಆ ದೇಶದಲ್ಲಿ ಇದಕ್ಕೆ ಹಳೆಯ ಬೇರಿದೆ. 1947ರಲ್ಲಿ ನ್ಯೂಯಾರ್ಕ್ ಹತ್ತಿರ ಲೆವಿಟೌನ್ ಎಂಬ ಬಡಾವಣೆ ಕಟ್ಟತೊಡಗಿದವರು ಬೇಲಿ ಹಾಕಬಾರದು, ಹುಲ್ಲು ವಾರವಾರ ಕತ್ತರಿಸಬೇಕು, ಶನಿವಾರ ಭಾನುವಾರ ಬಟ್ಟೆ ಹೊರಗೆ ಒಣಹಾಕಬಾರದು ಎಂದೆಲ್ಲ ಕರಾರು ಮಾಡಿಸಿಕೊಂಡಿದ್ದರು. ಬಿಳಿಯರಲ್ಲದವರು ಅಲ್ಲಿ ವಾಸಿಸಕೂಡದು ಎಂಬುದನ್ನೂ ಬರೆದೇ ಇಟ್ಟಿದ್ದರು. ನಮ್ಮಲ್ಲಿ ಅಂಥದ್ದನ್ನೆಲ್ಲ ಬೈಲಾದಲ್ಲಿ ಬರೆಯುವುದಿಲ್ಲ. ಬಾಡಿಗೆಗೆ ಮನೆ ಕೇಳಿಕೊಂಡು ಬಂದವರನ್ನು ಕೂರಿಸಿ, ನೀರು ಕೊಟ್ಟು, ‘ತಾವು ಯಾವ ಕಡೆಯವರು, ಯಾವ ಪೈಕಿ?’ ಎಂದು ನಗುತ್ತ ಕೇಳುತ್ತೇವೆ, ಅಷ್ಟೆ.

ಹುಲ್ಲಿನ ಪತ್ರವನ್ನು ನಾನು ಸಭೆಯಲ್ಲಿ ಪ್ರಸ್ತಾಪಿಸಿದೆ. ಪ್ರಸ್ತಾಪಿಸಬಾರದಿತ್ತು. ಅಧ್ಯಕ್ಷರಿಗೆ ಅದು ಬಹಳ ಹಿಡಿಸಿತು. ಹದಿನೈದು ದಿನದಲ್ಲಿ ಬಡಾವಣೆಯ ಬಾಯಿಗೆ ಒಂದು ಬೋರ್ಡು ಬಂತು: ‘ಇಲ್ಲಿ ಕುರಿ, ಮೇಕೆ, ದನ ಮೇಯಿಸುವುದನ್ನು ನಿಷೇಧಿಸಲಾಗಿದೆ. ತಪ್ಪಿದಲ್ಲಿ ₹500 ದಂಡ. ಆದೇಶದ ಮೇರೆಗೆ.’

ಹುಲ್ಲಿಗೂ ಕುರಿಗೂ ಏನು ಸಂಬಂಧ ಎನ್ನಬೇಡಿ. ಸುಗ್ಗಿ ಮುಗಿದ ಮೇಲೆ ಒಬ್ಬ ಮುದುಕ ಮಂದೆ ಹೊಡೆದುಕೊಂಡು ಬರುತ್ತಿದ್ದ. ಹೆಗಲ ಮೇಲೆ ಕಂಬಳಿ, ಕಂಬಳಿಯ ಮಡಿಕೆಯಲ್ಲಿ ಮೊಬೈಲು, ಕೈಯಲ್ಲಿ ತುದಿಗೆ ಕುಡುಗೋಲು ಕಟ್ಟಿದ ಉದ್ದನೆ ಗಳ. ಕುರಿಗಳು ರಸ್ತೆ ಬಿಟ್ಟು, ಸೈಟುಗಳ ನಡುವೆ ಓರೆಯಾಗಿ ನಡೆದು ಬಡಾವಣೆ ದಾಟುತ್ತಿದ್ದವು. ನಾವು ಹಾಕಿದ ಅಡ್ಡರಸ್ತೆಗಳಿಗೂ ಅವುಗಳಿಗೂ ಸಂಬಂಧವೇ ಇರಲಿಲ್ಲ. ಅಲ್ಲೊಂದು ಬಂಡಿಜಾಡು ಇತ್ತಂತೆ, ಹೊಲವಾಗಿದ್ದ ಕಾಲದಲ್ಲಿ. ಅದು ಮುದುಕನಿಗೂ ಗೊತ್ತು, ಅವನ ಕುರಿಗಳಿಗೂ ಗೊತ್ತು. ಬೋರ್ಡಿನ ಮುಂದೆ ಅವನನ್ನು ನಿಲ್ಲಿಸಿದರು. ಮೊಮ್ಮಗನ ಕೈಲಿ ಪೂರ್ತಿ ಓದಿಸಿಕೊಂಡ. ದಂಡದ ಮೊತ್ತಕ್ಕೆ ತಲೆ ಅಲ್ಲಾಡಿಸಿ, ಕೊನೆಯ ಸಾಲನ್ನು ಇನ್ನೊಮ್ಮೆ ಓದು ಎಂದ. ಆಮೇಲೆ ಬಹಳ ವಿನಯದಿಂದ ಕೇಳಿದ: ‘ಯಾರ ಆದೇಸ ಸ್ವಾಮಿ?’

ಬೋರ್ಡು ಬರೆದವನು ಎಲ್ಲ ಬೋರ್ಡಿಗೂ ಅದನ್ನು ಬರೆಯುತ್ತಾನೆ ಎಂದು ಹೇಳಲಾದೀತೇ? ಅಧ್ಯಕ್ಷರು ಎದೆ ಮುಟ್ಟಿಕೊಂಡು ‘ಸಂಘದ್ದು’ ಎಂದರು. ಮುದುಕ ಕುರಿಗಳನ್ನು ತಿರುಗಿಸಿಕೊಂಡು ಹೋದ.

ಆ ವರ್ಷ ಮಳೆ ಚೆನ್ನಾಗಿ ಬಂತು. ಖಾಲಿ ಸೈಟುಗಳಲ್ಲಿ ಹಂಚಿಹುಲ್ಲು ಸೊಂಟ ಮುಟ್ಟಿತು. ಅದರ ಜತೆಗೆ ಉತ್ತರಾಣಿ, ತುಂಬೆ, ಕಾಂಗ್ರೆಸ್ ಗಿಡ, ಸೀಮೆಜಾಲಿಯ ಎಳೆಗಿಡ. ಎಲ್ಲಕ್ಕೂ ಕುರಿಯೇ ಮದ್ದು ಎನ್ನಲಾರೆ. ಕಾಂಗ್ರೆಸ್ ಗಿಡಕ್ಕೆ ಅವು ಮೂತಿ ಹಾಕುವುದಿಲ್ಲ, ಜಾಲಿಯ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹಂಚುವುದೂ ಅವೇ. ಆದರೆ ಹುಲ್ಲು ಬೆಳೆದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಮೊದಲು ನಾಗರ, ಆಮೇಲೆ ಹದಿನೇಳರ ಮೆಟ್ಟಿಲ ಮೇಲೆ ಕೊಳಕುಮಂಡಲ. ಬೆಂಗಳೂರಿನ ಸೈಟುದಾರರಿಗೆ ಫೋನು ಮಾಡಿ, ನಿಮ್ಮ ಜಾಗ ಶುಚಿ ಮಾಡಿಸಿ ಎಂದರೆ, ‘ಹಾವು ನಮ್ಮ ಸೈಟಿನದೇ ಅಂತ ಏನು ಗ್ಯಾರಂಟಿ?’ ಎಂದರು. ಕೊನೆಗೆ ಸಂಘವೇ ಜೆಸಿಬಿ ಕರೆಸಿತು. ಗಂಟೆ ಲೆಕ್ಕದ ಬಾಡಿಗೆ. ಡ್ರೈವರ್ ಹುಡುಗ ಹುಮ್ಮಸ್ಸಿನವನು, ಸಂಜೆಯೊಳಗೆ ಇಡೀ ಬಡಾವಣೆಯನ್ನು ಬೋಳು ಮಾಡಿಬಿಟ್ಟ. ಹುಲ್ಲು ಹೋಯಿತು, ಜಾಲಿ ಹೋಯಿತು, ಜತೆಗೆ ಹಳದಿ ಬಣ್ಣದ ನಂಬರು ಕಲ್ಲುಗಳೂ ಹೋದವು.

ಸುದ್ದಿ ಆ ರಾತ್ರಿಯೇ ಪೀಣ್ಯ ಮುಟ್ಟಿತು. ಮುಂದಿನ ಭಾನುವಾರ ಬೆಳಿಗ್ಗೆ ಎಂಟಕ್ಕೆಲ್ಲ ರಸ್ತೆಯ ಎರಡೂ ಕಡೆ ಕಾರು. ಸೈಟು ಕೊಂಡಾಗಿನಿಂದ ಒಂದು ಸಭೆಗೂ ಬಾರದವರು ಟೇಪು ಹಿಡಿದು, ಕ್ರಯಪತ್ರದ ಜೆರಾಕ್ಸ್ ಹಿಡಿದು, ಕೆಲವರು ಮಾವನನ್ನೂ ಕರೆದುಕೊಂಡು ಬಂದಿದ್ದರು. ಚಕ್ಕುಬಂದಿ ಓದಿದ್ದೇ ಓದಿದ್ದು. ‘ಪೂರ್ವಕ್ಕೆ ಸೈಟ್ ನಂಬರ್ ನಲವತ್ತೊಂದು’ ಎಂದು ಒಬ್ಬ ಓದಿದರೆ, ನಲವತ್ತೊಂದು ಎಲ್ಲಿ ಎಂದು ಎಲ್ಲರೂ ಹುಡುಕಬೇಕು. ನಲವತ್ತೊಂದರ ಪತ್ರದಲ್ಲಿ ‘ಪಶ್ಚಿಮಕ್ಕೆ ನಲವತ್ತೆರಡು’. ಒಬ್ಬರ ಜಾಗ ಎಲ್ಲಿ ಎಂಬುದಕ್ಕೆ ಪಕ್ಕದವನ ಹೊರತು ಬೇರೆ ಸಾಕ್ಷಿಯೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ನಂಬರುಗಳಿಗೆ ಹೆಸರು ಬಂದಿದ್ದವು. ಮೂವತ್ತಮೂರಕ್ಕೂ ಮೂವತ್ತನಾಲ್ಕಕ್ಕೂ ದೂರದ ನೆಂಟಸ್ತಿಕೆ ಹೊರಬಿತ್ತು, ಇಬ್ಬರ ಅಜ್ಜಿಯರೂ ಐ.ಡಿ. ಹಳ್ಳಿಯವರಂತೆ. ಹೆಡ್‌ಮಾಸ್ತರರು ಬಿಟ್ಟಾರೆಯೇ? ಇಷ್ಟು ಜನ ಮತ್ತೆ ಯಾವತ್ತು ಸಿಗುತ್ತಾರೆಂದು ನಡಾವಳಿ ಪುಸ್ತಕ ತಂದು, ಕಲ್ಲಿನ ರಾಶಿಯ ಪಕ್ಕದಲ್ಲೇ ವಿಶೇಷ ಮಹಾಸಭೆ ನಡೆಸಿ, ಬಾಕಿ ವಂತಿಗೆಯ ಪಟ್ಟಿ ಓದಿದರು. ಆ ನಿಮಿಷದಲ್ಲಿ ಕಾರುಗಳು ಒಂದೊಂದಾಗಿ ಹೊರಟವು.

ಮಾರನೆಯ ವರ್ಷ ನಿರ್ಣಯ ಹೀಗಾಯಿತು: ‘ಕಳೆ ನಿರ್ವಹಣೆಗೆ ಜೈವಿಕ ವಿಧಾನವನ್ನು ಅಳವಡಿಸಿಕೊಳ್ಳಲು ತೀರ್ಮಾನಿಸಲಾಯಿತು.’ ಜೈವಿಕ ವಿಧಾನವನ್ನು ಹುಡುಕಿಕೊಂಡು ನಾನೇ ಹೋದೆ. ನನ್ನ ಹುದ್ದೆಗೆ ಸಿಕ್ಕಿದ ಮೊದಲ ಕೆಲಸ. ಮುದುಕ ಶಿರಾ ಕಡೆಯ ಒಂದು ಹೊಲದಲ್ಲಿ ಮಂದೆ ನಿಲ್ಲಿಸಿದ್ದ. ವಿಷಯ ಕೇಳಿ ನಗಲಿಲ್ಲ, ಲೆಕ್ಕಕ್ಕೆ ಕೂತ. ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ನಿಲ್ಲಿಸಿದರೆ ರೈತರು ರಾತ್ರಿಗಿಷ್ಟು ಎಂದು ಕೊಡುತ್ತಾರೆ, ನೀವೆಷ್ಟು ಕೊಡುತ್ತೀರಿ? ನಮಗೆ ಗೊಬ್ಬರ ಬೇಡ, ಹುಲ್ಲು ಮೇಯ್ದರೆ ಸಾಕು ಎಂದೆ. ಹಿಕ್ಕೆ ಹಾಕಬೇಡಿ ಅಂತ ಕುರಿಗೆ ಹೇಳಾಕಾಯ್ತದಾ ಎಂದ. ಕೊನೆಗೆ ಕುರಿಗಳಿಗೆ ತೊಟ್ಟಿಯ ನೀರು, ಅವನಿಗೂ ಮೊಮ್ಮಗನಿಗೂ ಎರಡು ಹೊತ್ತು ಮುದ್ದೆ ಊಟ, ಮೇಲೆ ಸ್ವಲ್ಪ ಕಾಸು ಎಂದು ಕುದುರಿತು. ಆ ಬೋರ್ಡನ್ನು ಯಾರೂ ತೆಗೆಯಲಿಲ್ಲ. ತೆಗೆಯಲು ನಿರ್ಣಯ ಬೇಕು, ನಿರ್ಣಯಕ್ಕೆ ಕೋರಂ ಬೇಕು.

ಇನ್ನು ಹುಣಸೆ ಮರ. ಸಂಘಕ್ಕೆ ಸ್ವಂತದ್ದೆಂದು ಹೇಳಿಕೊಳ್ಳಲು ಇರುವುದು ಅದೊಂದೇ, ಅದೂ ವಿವಾದದಲ್ಲಿ. ಸಿಎ ಸೈಟಿನ ಮೂಲೆಯಲ್ಲಿದೆ. ಲೇಔಟು ಮಾಡಿದವರು ಕಡಿಯಲು ಹೋಗಿ ಕೊಡಲಿ ಮುರಿಯಿತೆಂದು ಬಿಟ್ಟರಂತೆ. ಶಿವರಾತ್ರಿ ಹೊತ್ತಿಗೆ ಕೊಂಬೆ ಬಾಗುವಷ್ಟು ಕಾಯಿ. ರಸ್ತೆಬದಿಯ ಹುಣಸೆಮರಗಳ ಫಸಲನ್ನು ವರ್ಷವರ್ಷ ಹರಾಜು ಹಾಕುವುದು ನಮ್ಮ ಕಡೆ ರೂಢಿ. ನಾವೂ ಹರಾಜು ಕೂಗಿಸಿದೆವು. ಮೊದಲ ಸವಾಲು ₹800ಕ್ಕೆ ನಿಂತಿದ್ದಾಗ, ಈ ಹೊಲ ಮಾರಿದ ರೈತನ ಹೆಂಡತಿ, ಎಪ್ಪತ್ತು ದಾಟಿದಾಕೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಮರದ ಬುಡದಲ್ಲಿ ಕೂತಳು. ‘ಭೂಮಿ ಮಾರಿದೀವಿ ಕಣ್ರಪ್ಪಾ, ಮರ ಮಾರಿಲ್ಲ. ಮದುವೆಯಾಗಿ ಬಂದ ವರ್ಸ ನಮ್ಮತ್ತೆ ನೆಟ್ಟಿದ್ದು.’ ಕಾನೂನು ಸಲಹೆಗಾರರು ಕನ್ನಡಕ ತೆಗೆದು, ಕ್ರಯಪತ್ರದಲ್ಲಿ ‘ಮರಮುಟ್ಟು ಸಹಿತ’ ಎಂದಿದೆಯಲ್ಲ ಎಂದು ಶುರು ಮಾಡಿದರು. ಸ್ಥಾಪಕ ಸದಸ್ಯೆಯರಿಬ್ಬರೂ ಒಟ್ಟಿಗೆ ಎದ್ದು, ‘ನೀವು ಸ್ವಲ್ಪ ಸುಮ್ಮನಿರಿ’ ಎಂದರು. ಸಂಘದ ಇತಿಹಾಸದಲ್ಲಿ ಚರ್ಚೆಯಿಲ್ಲದೆ ಅಂಗೀಕಾರವಾದ ನಿರ್ಣಯ ಅದೊಂದೇ. ಅರ್ಧ ಅಜ್ಜಿಗೆ, ಅರ್ಧ ಸಂಘಕ್ಕೆ.

ಸಂಘದ ಪಾಲನ್ನು ಮಾರಿದರೆ ಬರುವ ದುಡ್ಡಿಗಿಂತ ಅದರ ಲೆಕ್ಕ ಒಪ್ಪಿಸುವ ತಲೆನೋವೇ ದೊಡ್ಡದೆಂದು, ಸದಸ್ಯರಿಗೆ ಹಂಚುವುದೆಂದಾಯಿತು. ನಾಲ್ಕು ಮನೆಯ ಹೆಂಗಸರು ಜಗಲಿಯಲ್ಲಿ ಕೂತು ಸಿಪ್ಪೆ ಬಿಡಿಸಿ, ನಾರು ತೆಗೆದು, ಕುಟ್ಟಿ ಬೀಜ ಬಿಡಿಸಿ, ತಲಾ ಎರಡು ಕಿಲೋದಂತೆ ಕವರು ಕಟ್ಟಿದರು. ಲಗ್ಗೆರೆಯಿಂದ ನಲವತ್ತೆರಡರವರು ಫೋನು ಮಾಡಿ ತಮ್ಮ ಪಾಲನ್ನು ಬಸ್ಸಿಗೆ ಹಾಕಿ ಕಳಿಸಲಾಗುತ್ತದೆಯೇ ಎಂದು ಕೇಳಿದರು. ಮೂರು ವರ್ಷದ ವಂತಿಗೆ ಬಾಕಿ ಇದೆ, ಅದು ಬಂದ ದಿನವೇ ಹುಣಸೆಹಣ್ಣು ಹೊರಡುತ್ತದೆ ಎಂದರು ಖಜಾಂಚಿ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರಂತೆ, ‘ಬೀಜ ತೆಗೆದಿದ್ದೋ, ತೆಗೆಯದ್ದೋ?’